ಕಿಟಕಿ ಇಲ್ಲದ ಬಿಳಿ ತುಂಡುಗಳು

ಫೆಬ್ರವರಿ ೩

ಅಕ್ಕಾ,

ಪಾರ್ಸೆಲ್ ಬಿಚ್ಚುವ ಮೊದಲೇ ಬೈಯಲು ಶುರುಮಾಡಬೇಡ. ಹೋದ ಸಲ ಆಸ್ಪತ್ರೆಯ ಮಾದರಿ ಮಾಡಿಕೊಟ್ಟ ಮೇಲೆ ‘ನಿಮ್ಮ ಆಫೀಸಿನ ಸಹವಾಸಕ್ಕೆ ದೊಡ್ಡ ನಮಸ್ಕಾರ’ ಅಂದಿದ್ದೆ, ನೆನಪಿದೆ. ಆದರೆ ಇದು ಪುಟ್ಟ ಕೆಲಸ. ಒಂದೇ ಒಂದು ಕಟ್ಟಡ. ಮಹಡಿ ಮಾತ್ರ ಹದಿನಾಲ್ಕು.

ಫೋನಿನಲ್ಲಿ ಹೇಳಿದರೆ ನೀನು ‘ಆಗಲ್ಲ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ನಕ್ಷೆಗಳ ಜೊತೆ ಕಾಗದ ಇಡುತ್ತಿದ್ದೇನೆ. ಕಾಗದವನ್ನು ಕುಕ್ಕಿ ಇಡಲು ಆಗುವುದಿಲ್ಲವಲ್ಲ.

ವಿಷಯ ಏನೆಂದರೆ, ಈ ಸಲ ಗೆರೆ ನನ್ನದು. ಇಷ್ಟು ವರ್ಷ ಯಜಮಾನರು ಎಳೆದ ಗೆರೆಯೊಳಗೆ ಮೆಟ್ಟಿಲು, ಪೈಪು, ಕಕ್ಕಸು ಕೂರಿಸುವುದೇ ನನ್ನ ಕೆಲಸವಾಗಿತ್ತು. ಈಗ ಮೊದಲ ಸಲ ನನ್ನ ನಕ್ಷೆ ನೋಡಿ ‘ಇದನ್ನೇ ಕಳಿಸೋಣ’ ಅಂದಿದ್ದಾರೆ. ಹೊರಗೆ ಅವರ ಹೆಸರೇ ಇರುತ್ತದೆ, ಅದು ಬಿಡು. ಒಪ್ಪಿಗೆ ಕೊಡುವ ಸಮಿತಿಯಲ್ಲಿ ಅರ್ಧ ಜನಕ್ಕೆ ನಕ್ಷೆ ಓದಲು ಬರುವುದಿಲ್ಲ, ಮಾದರಿ ನೋಡಿಯೇ ತಲೆಯಾಡಿಸುವವರು. ಮಾದರಿ ನಿನ್ನ ಕೈಯಲ್ಲಿ ಆದರೆ ನನ್ನ ಕೆಲಸ ಆಯಿತು ಅಂತಲೇ ಲೆಕ್ಕ.

ನಮ್ಮ ಕಟ್ಟಡಕ್ಕೆ ಕಿಟಕಿ, ಕಟಕಟೆ, ಬಾಲ್ಕನಿಯಲ್ಲಿ ನಿಂತ ಉಗುರಷ್ಟು ಜನ, ಎಲ್ಲ ಬೇಕು. ಸುತ್ತಲಿನ ಮನೆಗಳಿಗೆ ಎಂದಿನಂತೆ ಬರೀ ಬಿಳಿ ತುಂಡು ಸಾಕು. ಮತ್ತೆ ಸೂರ್ಯನ ಬದಲಿಗೆ ಒಂದು ಚಿಕ್ಕ ದೀಪ. ಎಲ್ಲಿ ಅಂತ ಗುರುತು ಹಾಕಿದ್ದೇನೆ.

ಅಮ್ಮನ ಮಂಡಿಗೆ ಎಣ್ಣೆ ಇಟ್ಟಿದ್ದೇನೆ. ನಕ್ಷೆಯ ಮೇಲೆ ಚೆಲ್ಲಿದ್ದರೆ ಕ್ಷಮಿಸು.

ನಿನ್ನ ಮರಿ


ಫೆಬ್ರವರಿ ೧೧

ಮರೀ,

ನಿನ್ನ ಪುಟ್ಟ ಕೆಲಸ ಬಾಗಿಲಲ್ಲೇ ಹಿಡಿಸಲಿಲ್ಲ. ಪಾರ್ಸೆಲ್‌ನವನೂ ಪಕ್ಕದ ಮನೆಯ ಟೈಲರೂ ಸೇರಿ ಮಾದರಿ ಕೂರಿಸುವ ತಳದ ಹಲಗೆಯನ್ನು ಓರೆ ಮಾಡಿ ಒಳಗೆ ತಂದರು. ಟೈಲರ್ ಬಾಗಿಲ ಅಳತೆ ತೆಗೆದು ‘ಎರಡಿಂಚು ಬಿಚ್ಚಿ ಹೊಲೀಬೇಕು’ ಅಂದರು.

ಚಿಕ್ಕಂದಿನಿಂದ ನಿನ್ನದು ಇದೇ ಚಾಳಿ. ‘ಒಂಚೂರು ಕಚ್ತೀನಿ’ ಅಂತ ನನ್ನ ಹಣ್ಣು ಇಸಕೊಂಡು ಬೀಜ ವಾಪಸು ಕೊಡುತ್ತಿದ್ದೆ. ‘ಎಳ್ಳಷ್ಟು ಜರುಗು’ ಅಂತ ಹಾಸಿಗೆಗೆ ಬಂದು ನನ್ನನ್ನು ನೆಲಕ್ಕೆ ಇಳಿಸುತ್ತಿದ್ದೆ. ಈಗ ಪುಟ್ಟ, ಚಿಕ್ಕ, ಉಗುರಷ್ಟು. ನಿನ್ನ ಒಂದು ಕಾಗದದಲ್ಲಿ ಇಷ್ಟು ಸಣ್ಣ ಪದ ಬಂತೆಂದರೆ ನಾನು ಒಂದು ತಿಂಗಳು ಬೆನ್ನು ನೆಟ್ಟಗೆ ಮಾಡುವ ಹಾಗಿಲ್ಲ ಎಂದೇ ಅರ್ಥ.

ಆದರೂ ‘ಗೆರೆ ನನ್ನದು’ ಅಂತ ಓದಿದಾಗ ಕೂತಲ್ಲಿಂದ ಎದ್ದುಬಿಟ್ಟೆ. ಅಮ್ಮನಿಗೆ ಕೂಗಿ ಹೇಳಿದೆ. ‘ನನ್ನ ಮಗ ಗಿಡ್ಡ ಇರಬಹುದು, ಅವನು ಕಟ್ಟೋದು ನೋಡು ಎಷ್ಟೆತ್ತರ’ ಅಂದಳು. ನಾನು ಇಷ್ಟೆತ್ತರ ಬೆಳೆದಿದ್ದಕ್ಕೆ ಒಂದು ದಿನವೂ ಹೊಗಳಿದವಳಲ್ಲ. ದೀಪದ ಬಲ್ಬು ಬದಲಿಸಲು ಮಾತ್ರ ನನ್ನ ಎತ್ತರ ಅವಳಿಗೆ ನೆನಪಾಗುವುದು.

ಅಮ್ಮ ಈಗ ಇಲ್ಲೇ, ನನ್ನ ಮೇಜಿನ ಪಕ್ಕ, ಕಿಟಕಿಯ ಹತ್ತಿರ ಕೂದಲು ಬಿಟ್ಟುಕೊಂಡು ಕೂತಿದ್ದಾಳೆ. ನಿನಗೆ ಗೊತ್ತಲ್ಲ, ಈ ಮನೆಗೆ ಬೆಳಗಿನ ಬಿಸಿಲು ಬರುವುದು ಈ ಒಂದೇ ಕಿಟಕಿಯಿಂದ. ನನ್ನ ಕೈಗೂ ಅವಳ ಮಂಡಿಗೂ ಅದನ್ನೇ ಹಂಚಿಕೊಂಡಿದ್ದೇವೆ. ಎದುರಿನ ಹಳೇ ಗೋದಾಮನ್ನು ಕೆಡವುತ್ತಿದ್ದಾರೆ, ಕಿಟಕಿ ತೆಗೆದರೆ ಕಣ್ಣಿಗೆಲ್ಲ ಧೂಳು. ಅಲ್ಲಿ ಏನು ಬರುತ್ತದೋ ಯಾರಿಗೂ ಗೊತ್ತಿಲ್ಲ. ನಿಮ್ಮ ಆಫೀಸಿನಲ್ಲಿ ಏನಾದರೂ ಕಿವಿಗೆ ಬಿದ್ದರೆ ತಿಳಿಸು.

ಅಂದಹಾಗೆ ನಕ್ಷೆಯಲ್ಲಿ ದಿಕ್ಕು ತೋರಿಸುವ ಬಾಣ ಎಲ್ಲಿ? ಬೀದಿಗಳಿಗೆ ಹೆಸರೂ ಇಲ್ಲ. ಯಾವ ಊರಪ್ಪ ಇದು?

ಅಕ್ಕ


ಫೆಬ್ರವರಿ ೧೯

ಅಕ್ಕಾ,

ಬಾಣ ಕಾಗದದ ಅಂಚಿನಲ್ಲಿತ್ತು, ಕತ್ತರಿಸುವಾಗ ಹೋಗಿರಬೇಕು. ಅಷ್ಟು ಚಿಕ್ಕ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಗುರುತು ಹಾಕಿದ ಕಡೆ ದೀಪ ಇಟ್ಟರೆ ಸಾಕು, ನೆರಳು ಹಿಂದಿನ ಖಾಲಿ ಜಾಗದ ಮೇಲೆ ಬೀಳಬೇಕು. ಯಾವ ಊರಾದರೇನು, ಬಿಳಿ ತುಂಡಿಗೆ ಊರು ಇರುತ್ತದೆಯೇ?

ಅಮ್ಮ ಕಿಟಕಿಯ ಹತ್ತಿರ ಕೂತಿದ್ದಾಳೆ ಅಂತ ಬರೆದಿದ್ದೆಯಲ್ಲ, ಅದನ್ನು ಎರಡು ಸಲ ಓದಿದೆ. ಇಲ್ಲಿ ಕೆಲಸ ಜಾಸ್ತಿ. ಹೆಚ್ಚು ಬರೆಯಲು ಆಗುತ್ತಿಲ್ಲ.

ನಿನ್ನ ಮರಿ


ಮಾರ್ಚ್ ೮

ಮರೀ,

ಮುಗಿಯುತ್ತಾ ಬಂತು. ಹೇಳಿದರೆ ಹೊಗಳಿದೆ ಅನ್ನುತ್ತೀಯ, ಆದರೂ ಹೇಳುತ್ತೇನೆ: ನಿನ್ನ ಕಟ್ಟಡ ಚೆನ್ನಾಗಿದೆ. ಮೂಲೆಯಲ್ಲಿ ಗೋಡೆ ತಿರುಗುವ ಜಾಗದಲ್ಲಿ ನೀನು ಬಾಲ್ಕನಿಗಳನ್ನು ಒಂದರ ಮೇಲೊಂದು ಸರಿಸಿ ಇಟ್ಟಿದ್ದೀಯಲ್ಲ, ಅದನ್ನು ಅಂಟಿಸುವಾಗ ನನ್ನ ತಮ್ಮ ಯಾವಾಗ ಇಷ್ಟು ದೊಡ್ಡವನಾದ ಅಂತ ಕಣ್ಣು ಒದ್ದೆಯಾಯಿತು. ಗೋಂದಿನ ವಾಸನೆಗೆ ಅಂತ ಅಮ್ಮನಿಗೆ ಹೇಳಿದೆ.

ಬಾಲ್ಕನಿಯಲ್ಲಿ ಇಪ್ಪತ್ತು ಜನರನ್ನು ನಿಲ್ಲಿಸಿದ್ದೇನೆ. ಒಬ್ಬಳ ಕೈಗೆ ಕೂದಲೆಳೆಯಷ್ಟು ಸಣ್ಣ ಕೊಡೆ ಕೊಟ್ಟಿದ್ದೇನೆ. ಯಾರೂ ನೋಡುವುದಿಲ್ಲ, ನನ್ನ ಚಪಲ.

ಸುತ್ತಲಿನ ಮನೆಗಳನ್ನು ಸಾಲಾಗಿ ಕತ್ತರಿಸಿ ಇಟ್ಟಿದ್ದೇನೆ. ಈ ಕೆಲಸದಲ್ಲಿ ನನಗೆ ಮೊದಲಿಂದಲೂ ಒಂದು ತಮಾಷೆ. ಮಾರುವ ಕಟ್ಟಡಕ್ಕೆ ಬಾಗಿಲ ಚಿಲಕದವರೆಗೂ ಮಾಡು, ಪಕ್ಕದ ಮನೆಗೆ ಒಂದು ಕಿಟಕಿಯನ್ನೂ ಕೊರೆಯಬೇಡ. ಕಿಟಕಿ ಕೊರೆದರೆ ನೋಡುವವರಿಗೆ ಅಲ್ಲೂ ಜನ ಇದ್ದಾರೆ ಅನ್ನಿಸಿಬಿಡುತ್ತದೆ. ನಮ್ಮ ಕಸುಬಿನ ಮೊದಲ ಪಾಠವೇ ಅದು.

ಈಗ ಒಂದು ತಕರಾರು. ಮುಂದಿನ ಸಾಲಿನಲ್ಲಿ ಒಂದು ಮೋಟು ಮನೆ ಇದೆ, ಅದರ ಹಿಂದೆ ಬಾಲದ ಹಾಗೆ ಒಂದು ಸೊಟ್ಟ ಕೋಣೆ. ಇಷ್ಟು ಸೊಟ್ಟ ಗೋಡೆ ಎಬ್ಬಿಸಿದ ಪುಣ್ಯಾತ್ಮ ಯಾರೋ, ಕುಡಿದು ಕಟ್ಟಿರಬೇಕು. ಆ ಬಾಲದಿಂದ ಇಡೀ ಸಾಲಿನ ಅಂದ ಕೆಡುತ್ತಿದೆ. ಇಡಲೋ, ಕತ್ತರಿಸಲೋ?

ಇಲ್ಲಿ ಗೋದಾಮು ಪೂರ್ತಿ ನೆಲಸಮ. ಮರೀ, ಮನೆಯೊಳಗೆ ಏನು ಬೆಳಕು ಅಂತೀಯ! ಹುಟ್ಟಿದಾಗಿನಿಂದ ಇಲ್ಲಿರುವ ನಾನು ಈ ಕೋಣೆಯ ಆಚೆ ಮೂಲೆಯನ್ನು ಬೆಳಿಗ್ಗೆ ದೀಪವಿಲ್ಲದೆ ನೋಡಿದ್ದು ಈಗಲೇ. ಅಮ್ಮ ಕುರ್ಚಿಯನ್ನು ಬಿಸಿಲಿನ ಹಿಂದೆ ಹಿಂದೆ ಎಳೆಸಿಕೊಂಡು ಓಡಾಡುತ್ತಾಳೆ. ಈ ವರ್ಷ ಕನ್ನಡಕ ಬದಲಿಸಬೇಕು ಅಂತಿದ್ದೆ, ಈಗ ಬೇಡವೇ ಬೇಡ ಅನ್ನಿಸಿದೆ. ಆ ಜಾಗ ಹೀಗೇ ಖಾಲಿ ಬಿದ್ದಿರಲಿ ಅಂತ ಇಬ್ಬರೂ ಆಸೆಪಡುತ್ತಿದ್ದೇವೆ. ಸುತ್ತ ತಗಡು ಹೊಡೆದಿದ್ದಾರೆ, ಅದೊಂದೇ ಚಿಂತೆ. ನೀನು ಆ ವಿಷಯ ಏನೂ ಬರೆಯಲಿಲ್ಲ.

ಅಕ್ಕ


ಮಾರ್ಚ್ ೧೪

ಅಕ್ಕಾ,

ಆ ಬಾಲವನ್ನು ಕತ್ತರಿಸಿಬಿಡು. ಚೂರು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ನೀನು ಹೇಳಿದ್ದು ಸರಿ, ಅಂದ ಕೆಡುತ್ತದೆ.

ಲಾರಿ ಹದಿನೆಂಟಕ್ಕೆ ಬರುತ್ತದೆ.

ತಮ್ಮ


ಏಪ್ರಿಲ್ ೨

ನಿನಗೆ,

ನಿನ್ನೆ ಟೈಲರ್ ಬಂದು ‘ನಗರಸಭೆ ಆಫೀಸಲ್ಲಿ ನಮ್ಮ ಬೀದಿ ಇಟ್ಟಿದಾರಂತೆ ಗಾಜಿನ ಪೆಟ್ಟಿಗೇಲಿ, ತಕರಾರು ಇದ್ರೆ ಹೇಳಬೇಕಂತೆ, ಬನ್ನಿ ನೋಡ್ಕೊಂಡು ಬರೋಣ’ ಅಂದರು. ನಾನು ಗೋಂದಿನ ಕೈ ತೊಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ತಮಾಷೆ ಮಾಡುತ್ತಾ ಹೋದೆವು.

ಮೆಟ್ಟಿಲು ಹತ್ತಿದ ಕೂಡಲೇ ನನ್ನ ಕೈಕೆಲಸ ನನಗೆ ಗುರುತು ಸಿಕ್ಕಿತು. ಎಷ್ಟು ದಡ್ಡಿ ನೋಡು, ಮೊದಲು ಸಂತೋಷವಾಯಿತು. ‘ಇದು ನಾನು ಮಾಡಿದ್ದು, ನನ್ನ ತಮ್ಮನ ಕಟ್ಟಡ’ ಅಂತ ಟೈಲರಿಗೆ ಜೋರಾಗಿಯೇ ಹೇಳಿದೆ. ಅಲ್ಲಿ ನಿಂತಿದ್ದ ನಾಲ್ಕು ಜನ ತಿರುಗಿ ನೋಡಿದರು. ಟೈಲರ್ ಬಗ್ಗಿ ಗೋಡೆಯ ಮೇಲಿನ ನಕ್ಷೆ ನೋಡಿದರು, ಆಮೇಲೆ ಪೆಟ್ಟಿಗೆ ನೋಡಿದರು. ಗೋಡೆಯ ನಕ್ಷೆಯಲ್ಲಿ ಬಾಣ ಇತ್ತು. ಬೀದಿಯ ಹೆಸರೂ ಇತ್ತು.

‘ಇದು ನನ್ನ ಮನೆ’ ಅಂತ ಅವರು ಒಂದು ಬಿಳಿ ತುಂಡು ತೋರಿಸಿದರು. ‘ಅಂದ್ರೆ ಇದು ನಿಮ್ದು. ನಿಮ್ಮ ಬಚ್ಚಲು ಎಲ್ಲಿ ಹೋಯ್ತು?’

ನಾನು ಊರಿಗೆಲ್ಲ ಬೀದಿ ಮಾಡಿಕೊಟ್ಟವಳು. ನನ್ನ ಬೀದಿಯನ್ನು ಮೇಲಿನಿಂದ ನೋಡಿರಲಿಲ್ಲ. ತಮ್ಮ ಮನೆಯನ್ನು ಮೇಲಿನಿಂದ ಯಾರು ನೋಡಿರುತ್ತಾರೆ? ನೀನು ನಕ್ಷೆಯನ್ನು ತಲೆಕೆಳಗು ಮಾಡಿ, ಬಾಣ ಕತ್ತರಿಸಿ, ಹೆಸರು ಅಳಿಸಿ ಕಳಿಸಿದೆ. ಅಪ್ಪ ನಮಗಾಗಿ ರಜೆಯ ದಿನ ಕೂತು ಇಟ್ಟಿಗೆ ಜೋಡಿಸಿದ ಬಚ್ಚಲನ್ನು ನೋಡಿ ನಾನು ‘ಕುಡಿದು ಕಟ್ಟಿರಬೇಕು’ ಅಂದೆ. ನೀನು ಅದನ್ನು ಓದಿದೆ. ಓದಿ, ಕತ್ತರಿಸು ಅಂದೆ. ನಾನೇ, ಈ ಕೈಯಿಂದಲೇ, ಬ್ಲೇಡ್ ಹಿಡಿದು ನಮ್ಮ ಮನೆಯನ್ನು ಕತ್ತರಿಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ನುಣ್ಣಗೆ ಮಾಡಿದೆ.

ಮತ್ತೆ ಆ ದೀಪ. ಸೂರ್ಯ ನಮ್ಮ ಎದುರಿನಿಂದ ಹುಟ್ಟುತ್ತಾನೆ, ನಿನ್ನ ಕಟ್ಟಡದ ಬೆನ್ನ ಹಿಂದಿನಿಂದ. ನೀನು ದೀಪ ಇಡಿಸಿದ್ದು ನಮ್ಮ ತಲೆಯ ಮೇಲೆ. ನೋಡಲು ಬಂದವರೆಲ್ಲ ‘ಪರವಾಗಿಲ್ಲ, ನೆರಳು ಖಾಲಿ ಜಾಗಕ್ಕೇ ಬೀಳುತ್ತೆ’ ಅನ್ನುತ್ತಿದ್ದರು. ನಮ್ಮ ಸಾಲು ಬೆಳ್ಳಗೆ ಹೊಳೆಯುತ್ತಿತ್ತು. ಊರಿನ ಕಣ್ಣಿಗೆ ಮಣ್ಣೆರಚಲು ನಿನಗೆ ನನ್ನ ಕೈಯೇ ಬೇಕಾಯಿತೇ?

ನಾನು ಬೆಳಕಿನ ವಿಷಯ ಬರೆದಾಗ ನೀನು ಏನು ಮಾಡುತ್ತಿದ್ದೆ? ಅಷ್ಟನ್ನು ಮಾತ್ರ ತಿಳಿಸು.

ಅಮ್ಮನಿಗೆ ಹೇಳಿಲ್ಲ.

ಅಕ್ಕ


ಏಪ್ರಿಲ್ ೧೦

ಅಕ್ಕಾ,

ಬರೆದು ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಹೌದು, ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಜಾಗ ಆರಿಸಿದ್ದು ನಾನಲ್ಲ. ಅದು ನಮ್ಮ ಬೀದಿ ಅಂತ ಬಾಯಿಬಿಟ್ಟಿದ್ದರೆ ಯಜಮಾನರು ‘ಹಾಗಾದ್ರೆ ನಿನಗೆ ಬೇಡ’ ಅಂತ ಬೇರೆಯವರ ಕೈಗೆ ಕೊಡುತ್ತಿದ್ದರು. ಕಟ್ಟಡ ಅಲ್ಲೇ ಏಳುತ್ತಿತ್ತು, ನಿಮ್ಮ ಬಿಸಿಲು ಹೇಗೂ ಹೋಗುತ್ತಿತ್ತು. ಹೋಗುವುದು ಹೋಗಲಿ, ಗೆರೆಯಾದರೂ ನನ್ನದಿರಲಿ ಅಂದುಕೊಂಡೆ. ದೀಪದ ಜಾಗ ಹೇಳಿದ್ದು ಯಜಮಾನರು. ನಾನು ಬೇಡ ಅನ್ನಲಿಲ್ಲ. ನಿನಗೆ ಮಾಡಲು ಕೊಟ್ಟಿದ್ದು ಯಾಕೆ ಅಂತ ಕೇಳಿದರೆ, ನಿನಗಿಂತ ಚೆನ್ನಾಗಿ ಮಾಡುವವರು ಇಲ್ಲ, ಅಷ್ಟೆ.

ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಿಕೊಂಡರೂ ಸರಿ. ನಿನ್ನನ್ನು ಯಾರೂ ಯಾವತ್ತೂ ‘ಇವಳು ಅವನ ಅಕ್ಕ’ ಅಂತ ಗುರುತಿಸಲಿಲ್ಲ. ಶಾಲೆಗೆ ಸೇರಿದ ದಿನ ಮೇಷ್ಟ್ರು ನನ್ನ ಹೆಸರು ಕೇಳಲಿಲ್ಲ, ‘ನೀನು ಅವಳ ತಮ್ಮನಾ? ಹಾಗಾದ್ರೆ ಚಿತ್ರ ಬರೆಯೋಕೆ ಬರಬೇಕು’ ಅಂದರು. ಕಾಲೇಜಿನ ಕೊನೇ ವರ್ಷ ನಾನು ಮಾಡಿದ ಮಾದರಿ ನೋಡಿ ‘ಚೆನ್ನಾಗಿದೆ ಮರಿ’ ಅಂದೆ. ಬೆಳಿಗ್ಗೆ ಎದ್ದು ನೋಡಿದರೆ ನೀನು ಎಲ್ಲ ಕಿಟಕಿಗಳನ್ನೂ ಕಿತ್ತು ನೇರ ಮಾಡಿ ಅಂಟಿಸಿದ್ದೆ. ಬಹುಮಾನ ಬಂತು. ಆ ಫಲಕವನ್ನು ನಾನು ಈವರೆಗೂ ಗೋಡೆಗೆ ಹಾಕಿಲ್ಲ. ನೀನು ನನ್ನನ್ನು ತಲೆಯ ಮೇಲೆ ಹೊತ್ತು ಬೆಳೆಸಿದೆ, ಇಲ್ಲ ಅನ್ನುವುದಿಲ್ಲ. ಅಲ್ಲಿ ಕೂತವನಿಗೆ ತನ್ನ ಕಾಲು ನೆಲಕ್ಕೆ ಮುಟ್ಟಿದ ಅನುಭವವೇ ಇರುವುದಿಲ್ಲ ಅಕ್ಕಾ. ತಲೆಗೂದಲು ನರೆತ ಗಂಡಸಿಗೆ ಆಫೀಸಿನ ವಿಳಾಸಕ್ಕೆ ‘ಮರಿ’ ಅಂತ ಬರೆದು ಕಳಿಸುತ್ತೀಯ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಜೀವನದಲ್ಲಿ ಒಂದು ಸಲ, ಯಾರ ಪಕ್ಕ ನಿಂತರೂ ಚಿಕ್ಕದಾಗಿ ಕಾಣದಂಥದ್ದು ನನ್ನದು ಅಂತ ಬೇಕಿತ್ತು. ಅದು ನಿನ್ನ ಕಿಟಕಿಯ ಎದುರು ಬಂದಿದ್ದು ನನ್ನ ಹಣೆಬರಹ.

ನಿನ್ನ ತಮ್ಮ


ಏಪ್ರಿಲ್ ೧೭

ತಮ್ಮಾ,

ಮರಿ ಅನ್ನುವುದಿಲ್ಲ. ಮೊದಲೇ ಹೇಳಿದ್ದರೆ ಮೊದಲೇ ಬಿಡುತ್ತಿದ್ದೆ.

ಕಿಟಕಿಗಳನ್ನು ಕಿತ್ತಿದ್ದು ನಿಜ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಅದಕ್ಕೆ ನೀನು ನನ್ನ ಕೆನ್ನೆಗೆ ಹೊಡೆಯಬೇಕಿತ್ತು. ಅಮ್ಮನ ಬಿಸಿಲಿಗೆ ಯಾಕೆ ಕೈ ಹಾಕಿದೆ?

‘ಹೇಗೂ ಹೋಗುತ್ತಿತ್ತು’ ಅಂತ ಬರೆದಿದ್ದೀಯ. ಹೋಗುತ್ತಿತ್ತೇನೋ. ಹೊರಗಿನವರು ಬಂದು ಕಿತ್ತುಕೊಂಡಿದ್ದರೆ ನಾನು ಬೀದಿಯಲ್ಲಿ ನಿಂತು ಬೈಯುತ್ತಿದ್ದೆ, ಟೈಲರ್ ಜೊತೆ ಸೇರಿ ಆಫೀಸಿಗೆ ಓಡಾಡುತ್ತಿದ್ದೆ, ಕೊನೆಗೆ ಸೋತು ಸುಮ್ಮನಾಗುತ್ತಿದ್ದೆ. ಆಗ ನಿನಗೆ ಕಾಗದ ಬರೆದು ಅತ್ತು ಹಗುರವಾಗುತ್ತಿದ್ದೆ. ಈಗ ಯಾರಿಗೆ ಬರೆಯಲಿ?

ನೀನು ಕಳಿಸಿದ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಪುಟ್ಟ ಕೆಲಸ, ಚಿಕ್ಕ ದೀಪ, ಚಿಕ್ಕ ವಿಷಯ, ಚೂರು ತೆಗೆದರೆ. ನಿನ್ನದು ಅಂತ ಬಂದಾಗ ಮಾತ್ರ ನಿನ್ನ ಬಾಯಲ್ಲಿ ದೊಡ್ಡ ಪದ. ನಮ್ಮದು ಅಂತ ಬಂದದ್ದನ್ನೆಲ್ಲ ಕಿರಿದು ಮಾಡಿ, ಕಿರಿದು ಮಾಡಿ, ಕೊನೆಗೆ ಬಾಯಿಂದ ಊದಿದರೆ ಹಾರಿಹೋಗುವಷ್ಟು ಮಾಡಿಟ್ಟೆ. ಚಿಕ್ಕದಾಗುವುದು ಎಂದರೆ ಏನು ಅಂತ ನಿನಗೆ ಗೊತ್ತಿತ್ತಲ್ಲ, ಅಷ್ಟು ವರ್ಷ ಅನುಭವಿಸಿದವನು. ಅದನ್ನೇ ತಂದು ನಮ್ಮ ತಲೆಗೆ ಕಟ್ಟಿದೆಯಲ್ಲ, ಅದಕ್ಕೇ ನನಗೆ ನಿದ್ದೆ ಬರುತ್ತಿಲ್ಲ.

ಸಮಿತಿಯ ಸಭೆಗೆ ಬರುತ್ತೇನೆ. ದೀಪದ ವಿಷಯ ಹೇಳುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ. ಮಹಡಿ ಆರಕ್ಕೆ ಇಳಿಸಿದರೆ ಮಧ್ಯಾಹ್ನದ ಮೊದಲು ಒಂದಿಷ್ಟಾದರೂ ಬಿಸಿಲು ಉಳಿಯುತ್ತದೆ; ಕಿಟಕಿಯಲ್ಲಿ ಕೂತು ಅಳೆದು ನೋಡಿದ್ದೇನೆ.

ಅಕ್ಕ


ಏಪ್ರಿಲ್ ೨೧

ಅಕ್ಕಾ,

ದಯವಿಟ್ಟು ಬರಬೇಡ. ಜೊತೆಗೊಂದು ಕಾಗದ ಇಟ್ಟಿದ್ದೇನೆ, ತಕರಾರಿಲ್ಲ ಅಂತ. ಕೆಳಗೆ ಒಂದು ಸಣ್ಣ ಸಹಿ ಹಾಕಿದರೆ ಸಾಕು. ನಿನಗೂ ಅಮ್ಮನಿಗೂ ಈ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಮನೆ ಕೊಡಿಸಲು ಯಜಮಾನರನ್ನು ಕೇಳುತ್ತೇನೆ. ಅಲ್ಲಿ ಬೇಕಾದಷ್ಟು ಬಿಸಿಲು.

ತಮ್ಮ


ಏಪ್ರಿಲ್ ೩೦

ಆಫೀಸಿನ ಇಂಜಿನಿಯರ್ ಅವರಿಗೆ,

ಸಹಿ ಹಾಕದ ಕಾಗದವನ್ನು ವಾಪಸು ಇಟ್ಟಿದ್ದೇನೆ.

ಸಭೆಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತು, ಅಲ್ಲೇ ಇದ್ದಿರಿ. ಆದರೆ ನೀವು ಇದ್ದ ಕಡೆಯಿಂದ ಕಂಡದ್ದು ಬೇರೆ, ನಾನು ನಿಂತ ಕಡೆಯಿಂದ ಕಂಡದ್ದು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎದ್ದು ನಿಂತು, ಸೂರ್ಯ ಹುಟ್ಟುವುದು ಈ ಕಡೆ, ದೀಪ ಇಟ್ಟಿರುವುದು ಆ ಕಡೆ, ನಿಜವಾದ ನೆರಳು ನಮ್ಮ ಸಾಲಿನ ಮೇಲೆ ಬೀಳುತ್ತದೆ ಅಂದೆ. ಸಭೆ ನಡೆಸುತ್ತಿದ್ದ ಹೆಂಗಸು ಒಳ್ಳೆಯವರು. ಎದ್ದು ಬಂದು, ಪೆಟ್ಟಿಗೆಯ ಸುತ್ತ ಓಡಾಡಿ, ಬಾಣ ನೋಡಿ, ‘ಹೌದಲ್ಲ! ಇದು ಯಾರ ತಪ್ಪು?’ ಅಂತ ಕೇಳಿದರು. ಯಜಮಾನರು ನಿಮ್ಮ ಕಡೆ ತಿರುಗಿದರು, ಅಷ್ಟೆ.

ನೀವು ಎದ್ದು ನಿಂತಿರಿ. ನಾನು ಕಾಯುತ್ತಿದ್ದೆ. ದೇವರಾಣೆಗೂ, ಆಗಲೂ ನನಗೆ ನಂಬಿಕೆ ಇತ್ತು. ನೀವು ಅಂದಿರಿ: ‘ಮಾದರಿ ಹೊರಗಡೆ ಮಾಡಿಸಿದ್ದು ಮೇಡಂ. ಮಾಡಿದವರ ಕಡೆಯಿಂದ ಒಂದು ಸಣ್ಣ ತಪ್ಪಾಗಿದೆ. ಅವರು ಮನೇಲಿ ಕೂತು ಚಿಕ್ಕಪುಟ್ಟ ಕೆಲಸ ಮಾಡೋ ಒಬ್ಬ ಹೆಂಗಸು, ದಿಕ್ಕು ಗೊತ್ತಾಗಿಲ್ಲ.’

ಒಬ್ಬ ಹೆಂಗಸು. ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ಟೈಲರ್ ದಡಕ್ಕನೆ ಎದ್ದರು. ಅವರ ತೋಳು ಹಿಡಿದು ಜಗ್ಗಿ ಕೂರಿಸಿದೆ. ಹೊರಗೆ ಬಂದ ಮೇಲೆ ‘ಯಾಕಮ್ಮಾ ಬಾಯಿಗೆ ಬೀಗ ಹಾಕ್ಕೊಂಡ್ರಿ? ಒಂದು ಮಾತು ಆಡಿದ್ರೆ ಅವನ ಮಾನ ಹೋಗ್ತಿತ್ತು’ ಅಂದರು. ಅದಕ್ಕೇ ಆಡಲಿಲ್ಲ. ಅಷ್ಟು ಜನರ ಮುಂದೆ ನೀವು ಎಷ್ಟು ಸಣ್ಣವರಾಗುತ್ತೀರಿ ಅಂತ ಲೆಕ್ಕ ಹಾಕಿದೆ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಪ್ರೀತಿ ಅಂದುಕೊಳ್ಳಬೇಡಿ. ಬೀಳುವ ಮಗುವನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದಲ್ಲ, ಅಂಥದೊಂದು ಅಭ್ಯಾಸ. ಅದನ್ನು ಬಿಡಿಸಿಕೊಳ್ಳುತ್ತಿದ್ದೇನೆ.

ದೀಪವನ್ನು ತಿರುಗಿಸಿ ಇಡಬೇಕು, ಉಳಿದಂತೆ ಒಪ್ಪಿಗೆ ಇದೆ ಅಂತ ತೀರ್ಮಾನವಾಯಿತು. ಬೆಳಿಗ್ಗೆ ಕೆಲವು ಮನೆಗಳಿಗೆ ಬಿಸಿಲು ತಪ್ಪುವುದನ್ನು ಅವರು ‘ಕಿಂಚಿತ್ ಅನನುಕೂಲ’ ಅಂತ ಬರೆಸಿಕೊಂಡರು. ಆ ಪದ ನಿಮ್ಮ ಕೆಲಸಕ್ಕೆ ಬರುತ್ತದೆ, ಇಟ್ಟುಕೊಳ್ಳಿ.

ಇನ್ನು ನನಗೆ ಬರೆಯಬೇಡಿ. ಅಮ್ಮನಿಗೆ ಮಾತ್ರ ವಾರಕ್ಕೊಂದು ಸಲ ಫೋನ್ ಮಾಡುವುದನ್ನು ನಿಲ್ಲಿಸಬೇಡಿ, ಅವಳು ದಾರಿ ಕಾಯುತ್ತಾಳೆ.

ಮಾದರಿ ಮಾಡುವ ಹೆಂಗಸು


ಫೆಬ್ರವರಿ ೯

ಅಕ್ಕಾ,

ಬರೆಯಬೇಡ ಅಂದಿದ್ದೆ. ಆದರೂ ಈ ಒಂಬತ್ತು ತಿಂಗಳಲ್ಲಿ ಮೂರು ಸಲ ಬರೆದೆ, ನೀನು ಒಂದಕ್ಕೂ ಉತ್ತರ ಕೊಡಲಿಲ್ಲ. ಇದಕ್ಕಾದರೂ ಕೊಡು.

ಮುಂದಿನ ತಿಂಗಳು ಕೊನೆಯ ಮಹಡಿಯ ತಾರಸಿ ಹಾಕುತ್ತಾರೆ. ನಾನು ಊರಿಗೆ ಬರಬೇಕು. ಹೋಟೆಲಿನಲ್ಲಿ ಇಳಿದುಕೊಳ್ಳಬಹುದು, ಆದರೆ ಮನೆಗೆ ಬರಬೇಕು ಅನ್ನಿಸುತ್ತಿದೆ. ಆವತ್ತು ಸಭೆಯಲ್ಲಿ ಆಡಿದ ಮಾತು ಬಾಯಿಂದ ಹೊರಬಿದ್ದ ಕ್ಷಣದಿಂದ ನನಗೆ ನೆಮ್ಮದಿ ಇಲ್ಲ. ಯಜಮಾನರು ಹೆಗಲು ತಟ್ಟಿದರು. ಪತ್ರಿಕೆಯವರು ಬಂದಾಗ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. ನಾನು ಅವರ ಭುಜದವರೆಗೂ ಬರಲಿಲ್ಲ. ಕಟ್ಟಡದ ಫಲಕದಲ್ಲಿ ನನ್ನ ಹೆಸರಿಲ್ಲ. ಹೇಳುವುದು ಬೇಡ ಅಂದುಕೊಂಡಿದ್ದೆ, ಆದರೂ ನಿನಗಲ್ಲದೆ ಯಾರಿಗೆ ಹೇಳಲಿ?

ಒಂದು ರಾತ್ರಿ ಇದ್ದು ಹೋಗುತ್ತೇನೆ. ನೀನು ಮಾತಾಡಿಸದಿದ್ದರೂ ಸರಿ. ಅಮ್ಮನನ್ನು ನೋಡಬೇಕು.

ತಮ್ಮ


ಫೆಬ್ರವರಿ ೧೭

ತಮ್ಮಾ,

ಬಾ. ಅಮ್ಮನ ಮಗನನ್ನು ಬಾಗಿಲಲ್ಲಿ ತಡೆಯಲು ನಾನು ಯಾರು? ಆದರೆ ರಾತ್ರಿ ಬಂದು ಬೆಳಗಾಗುವ ಮೊದಲು ಹೊರಡಬೇಡ. ಬೆಳಿಗ್ಗೆ ಬಾ.

ನನ್ನ ವಿಷಯ ಹೇಳುವುದೇನಿದೆ. ದಿಕ್ಕು ಗೊತ್ತಿಲ್ಲದ ಹೆಂಗಸು ಅಂತ ಊರಲ್ಲಿ ಸುದ್ದಿಯಾದ ಮೇಲೆ ಎರಡು ಆಫೀಸಿನವರು ಕೆಲಸ ಕೊಡುವುದು ನಿಲ್ಲಿಸಿದರು. ಉಳಿದದ್ದನ್ನು ಟ್ಯೂಬ್‌ಲೈಟ್ ಹಾಕಿಕೊಂಡು ಮಾಡುತ್ತೇನೆ. ಕನ್ನಡಕ ಬದಲಿಸಿದೆ. ನಿನ್ನ ಕಟ್ಟಡದ ಫಲಕದಲ್ಲಿ ನಿನ್ನ ಹೆಸರಿಲ್ಲ ಅಂತ ಓದಿದಾಗ ಸಂತೋಷವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅಯ್ಯೋ ಅಂತಲೂ ಅನ್ನಿಸಲಿಲ್ಲ.

ನೀನು ತಿಳಿಯಬೇಕಾದದ್ದು ಅಮ್ಮನ ವಿಷಯ. ನಿನ್ನ ಫೋಟೋ ಬಂದ ಪತ್ರಿಕೆಯನ್ನು ಯಾರೋ ಅವಳಿಗೆ ತಂದು ತೋರಿಸಿದರು. ಎದುರಿಗೆ ಏಳುತ್ತಿರುವುದು ನಿನ್ನ ಕಟ್ಟಡ ಅಂತ ಆವತ್ತು ಗೊತ್ತಾಯಿತು. ನಾನು ಹೆದರಿ ನಿಂತಿದ್ದೆ. ಅವಳು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ಆಮೇಲೆ ಕಿಟಕಿಯಿಂದ ಹೊರಗೆ ನೋಡಿ ಏನಂದಳು ಗೊತ್ತೇ? ‘ಎಲ್ಲಿ ಬೇಕಾದ್ರೂ ಕಟ್ಟಬಹುದಿತ್ತಲ್ಲ ಅವನು? ನಾನು ಕೂತಲ್ಲಿಂದಲೇ ನೋಡಲಿ ಅಂತ ಇಲ್ಲಿ ಕಟ್ಟಿದಾನೆ.’

ಅಂದಿನಿಂದ ದಿನವೂ ಅದೇ. ಬೆಳಿಗ್ಗೆ ಎದ್ದು ಕೂದಲು ಬಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಹಾಲಿನವನಿಗೆ, ಪೋಸ್ಟಿನವನಿಗೆ, ದಾರಿ ಕೇಳಲು ನಿಂತವರಿಗೂ ಕೈ ಚಾಚಿ ತೋರಿಸುತ್ತಾಳೆ. ಪ್ರತಿ ಮಹಡಿ ಏಳುವಾಗಲೂ ನನ್ನನ್ನು ಕರೆದು ತೋರಿಸಿದ್ದಾಳೆ. ಅದು ಏಳನೆಯ ಮಹಡಿ ದಾಟಿದ ಮೇಲೆ ನಮ್ಮ ಕೋಣೆಗೆ ಬಿಸಿಲು ಬಂದಿಲ್ಲ. ಅವಳ ಕೂದಲು ಮಧ್ಯಾಹ್ನವಾದರೂ ಒಣಗುವುದಿಲ್ಲ. ಮಂಡಿಗೆ ಕಂಬಳಿ ಸುತ್ತಿಕೊಳ್ಳುತ್ತಾಳೆ, ಹೆಗಲಿಗೆ ಶಾಲು ಎಳೆದುಕೊಳ್ಳುತ್ತಾಳೆ, ಮತ್ತೆ ನಿನ್ನ ಕಟ್ಟಡವನ್ನು ನೋಡುತ್ತಾ ಕೂರುತ್ತಾಳೆ. ಕುರ್ಚಿಯನ್ನು ಒಳಗೆ ಹಾಕುತ್ತೇನೆ ಅಂದರೆ ಬೇಡ ಅನ್ನುತ್ತಾಳೆ.

ನಿಜವಾಗಲೂ ತಿಳಿದಿಲ್ಲವೋ, ತಿಳಿದೂ ಹೀಗಿದ್ದಾಳೋ, ಕೇಳುವ ಧೈರ್ಯ ನನಗಿಲ್ಲ. ನಾನು ಅವಳಿಗೆ ಒಂದು ಮಾತೂ ಹೇಳಿಲ್ಲ. ನಿನ್ನನ್ನು ಉಳಿಸಲು ಅಂತ ತಿಳಿಯಬೇಡ. ಅವಳ ಹತ್ತಿರ ಈಗ ಉಳಿದಿರುವುದು ಆ ಹೆಮ್ಮೆ ಒಂದೇ, ಅದನ್ನೂ ಕಿತ್ತುಕೊಳ್ಳುವ ಕೈ ನನ್ನದಾಗುವುದು ಬೇಡ.

ನೀನು ಬರುವ ದಿನ ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿರುತ್ತೇನೆ. ಬೆಳಿಗ್ಗೆ ಅವಳ ಜೊತೆ ಕೂತುಕೋ. ನಾನು ಒಳಗೆ ಹೋಗುತ್ತೇನೆ. ಮೊದಲು ನಿನ್ನ ಕೈ ಹಿಡಿದು ಕಟ್ಟಡವನ್ನು ತೋರಿಸುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಶಾಲು ಬಿಗಿಯಾಗಿ ಹೊದ್ದುಕೊಂಡು ದಿನವೂ ನನ್ನನ್ನು ಕೇಳುವ ಹಾಗೆ ನಿನ್ನನ್ನೂ ಕೇಳುತ್ತಾಳೆ: ‘ಈ ವರ್ಷ ಬಿಸಿಲಿಗೆ ಏನು ಬಂತೋ? ಯಾಕೋ ಬರೋದೇ ಇಲ್ಲ ಕಣೋ.’

ಅದಕ್ಕೆ ನೀನೇ ಉತ್ತರ ಕೊಡು.

ಅಕ್ಕ